ಮುಂದಿನ ಓದದ ಮೆಸೇಜಿಗೆ ಯಾವ ಕೀ? ಟರ್ಮಿನಲ್‌ನ ಐದು ನ್ಯೂಸ್‌ರೀಡರ್‌ಗಳ ಹೋಲಿಕೆ

ಯೂಸ್‌ನೆಟ್ ಎಂದರೆ ವಿಷಯಕ್ಕೊಂದು ಗುಂಪು ಮಾಡಿಕೊಂಡು ಜನ ಮೆಸೇಜ್ ಬರೆದು ಚರ್ಚಿಸುವ ಹಳೆಯ ಜಾಲ, ಅದನ್ನು ಓದುವ ಪ್ರೋಗ್ರಾಂ ನ್ಯೂಸ್‌ರೀಡರ್. ಯೂಸ್‌ನೆಟ್ ಓದುವವರ ಬೆರಳು ಎಲ್ಲಕ್ಕಿಂತ ಜಾಸ್ತಿ ದುಡಿಯುವುದು ಎರಡೇ ಕೆಲಸಕ್ಕೆ. ಒಂದು, ಓದದೇ ಉಳಿದಿರುವ ಮುಂದಿನ ಮೆಸೇಜಿಗೆ ಹೋಗುವುದು. ಎರಡು, ಈ ಚರ್ಚೆ ಸಾಕು ಅಂತ ಅದನ್ನು ಅಲ್ಲೇ ಬಿಟ್ಟು ಮುಂದೆ ಸಾಗುವುದು. ಉಳಿದ ನೂರೆಂಟು ಕೀಗಳು ಆಮೇಲಿನ ಮಾತು. ನ್ಯೂಸ್‌ರೀಡರ್ ಆರಿಸುವಾಗ ಜನ ಬಣ್ಣ, ಸೆಟ್ಟಿಂಗ್, ಮ್ಯಾಕ್ರೋ ಅಂತೆಲ್ಲ ನೋಡುತ್ತಾರೆ. ನಾನು ಈ ಎರಡನ್ನೇ ಇಟ್ಟುಕೊಂಡು ಎಸ್‌ಎಲ್‌ಆರ್‌ಎನ್, ಟಿನ್, ಗ್ನೂಸ್, ಟಿಆರ್‌ಎನ್, ಎನ್‌ಎನ್ ಐದನ್ನೂ ಬಳಸಿ ನೋಡಿದೆ. ಕೊನೆಯಲ್ಲಿ ಆಲ್ಪೈನ್ ಎಂಬ ಮೇಲ್ ಪ್ರೋಗ್ರಾಂ ಬಗ್ಗೆಯೂ ಎರಡು ಮಾತು ಇದೆ.

ಈಗಲೂ ಯೂಸ್‌ನೆಟ್ ಇದೆಯಾ ಅಂತ ಕೇಳುವವರಿಗೆ: ಇದೆ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಯೋಚಿಸಿದ ಈ ವ್ಯವಸ್ಥೆ ಇನ್ನೂ ಓಡುತ್ತಿದೆ. ಗೂಗಲ್ ಗ್ರೂಪ್ಸ್ 2024ರ ಫೆಬ್ರವರಿ 22ರಿಂದ ಯೂಸ್‌ನೆಟ್‌ನ ಹೊಸ ಪೋಸ್ಟ್ ತರುವುದನ್ನೂ ಕಳಿಸುವುದನ್ನೂ ನಿಲ್ಲಿಸಿತು. ಆ ದಾರಿಯಲ್ಲಿ ಬರುತ್ತಿದ್ದ ಕಸ ನಿಂತಿತು. ಉಳಿದ ಗುಂಪುಗಳು ಈಗ ಓದಲು ಎಷ್ಟೋ ಹಿತವಾಗಿವೆ. ಎಟರ್ನಲ್ ಸೆಪ್ಟೆಂಬರ್‌ನಂಥ ಉಚಿತ ಸರ್ವರ್‌ನಲ್ಲಿ ಖಾತೆ ತೆರೆದರೆ ಸಾಕು, ಬರಹದ ಗುಂಪುಗಳೆಲ್ಲ ಸಿಗುತ್ತವೆ. ಮೇಲಿಂಗ್ ಲಿಸ್ಟ್‌ಗಳನ್ನು ಗುಂಪುಗಳ ರೂಪದಲ್ಲಿ ಕೊಡುವ ಜಿಮೇನ್ ಕೂಡ ಇದೆ. ದಿನಕ್ಕೆ ನೂರಾರು ಮೆಸೇಜ್ ಬರುವ ಲಿಸ್ಟ್ ಓದುವವರಿಗೆ ಅದು ದೊಡ್ಡ ಉಪಕಾರ. ನ್ಯೂಸ್‌ರೀಡರ್‌ನ ಕೀಗಳಿಗೆ ನಿಜವಾದ ಕೆಲಸ ಬೀಳುವುದೂ ಅಂಥ ಕಡೆಯೇ.

ಹೋಲಿಕೆ ನ್ಯಾಯವಾಗಿರಬೇಕಲ್ವಾ? ಅದಕ್ಕೆ ಎಲ್ಲಕ್ಕೂ ಒಂದೇ ಸರ್ವರ್, ಅವೇ ಗುಂಪುಗಳನ್ನು ಕೊಟ್ಟೆ. ಇದಕ್ಕೆ ಒಂದು ಹಳೆಯ ಅನುಕೂಲ ಇದೆ. ಯಾವ ಮೆಸೇಜ್ ಓದಿದ್ದೇವೆ ಎಂಬ ಲೆಕ್ಕವನ್ನು ಈ ರೀಡರ್‌ಗಳು ಒಂದು ಸಾದಾ ಫೈಲಿನಲ್ಲಿ ಬರೆದಿಡುತ್ತವೆ. ಸಾಲಿಗೆ ಒಂದು ಗುಂಪು. ಹೆಸರಿನ ಮುಂದೆ ಕೋಲನ್ ಇದ್ದರೆ ಆ ಗುಂಪು ನಿಮಗೆ ಬೇಕು ಎಂದರ್ಥ, ಆಶ್ಚರ್ಯಸೂಚಕ ಇದ್ದರೆ ಬೇಡ. ಆಮೇಲೆ 1-5200,5204 ಎಂಬಂತೆ ಓದಿದ ಮೆಸೇಜ್‌ಗಳ ಸಂಖ್ಯೆ. 5201ರಿಂದ 5203 ಇನ್ನೂ ಓದಿಲ್ಲ ಅಂತ ಇದನ್ನು ನೋಡಿದರೇ ತಿಳಿಯುತ್ತದೆ. ಗ್ನೂಸ್ ತನ್ನದೇ ಇನ್ನೊಂದು ಫೈಲನ್ನೂ ಇಟ್ಟುಕೊಳ್ಳುತ್ತದೆ, ಆದರೆ ಈ ಫೈಲನ್ನೂ ಓದಬಲ್ಲದು. ಹಾಗಾಗಿ ಒಂದೇ ಫೈಲಿನ ಪ್ರತಿ ಮಾಡಿ ಐದಕ್ಕೂ ಹಂಚಿದರೆ ಎಲ್ಲವೂ ಒಂದೇ ಜಾಗದಿಂದ ಓದಲು ಶುರು ಮಾಡುತ್ತವೆ. ಪ್ರತಿ ಅಂತ ಒತ್ತಿ ಹೇಳುತ್ತಿದ್ದೇನೆ. ಎರಡು ರೀಡರ್‌ಗಳನ್ನು ಒಂದೇ ಫೈಲಿನ ಮೇಲೆ ಒಟ್ಟಿಗೆ ತೆರೆದಿಟ್ಟರೆ ಕೊನೆಗೆ ಮುಚ್ಚಿದ್ದರ ಲೆಕ್ಕವೇ ಉಳಿಯುತ್ತದೆ.

ಒಂದೇ ಅಕ್ಷರ, ಮೂರು ಅರ್ಥ

ಈಗ ವಿಷಯಕ್ಕೆ ಬರೋಣ. ‘ಎನ್’ ಎಂಬ ಒಂದು ಅಕ್ಷರ ತೆಗೆದುಕೊಳ್ಳಿ. ಶಿಫ್ಟ್ ಒತ್ತಿದರೆ ಬರುವುದನ್ನು ‘ದೊಡ್ಡ ಎನ್’ ಅಂತ ಕರೆಯುತ್ತೇನೆ, ಮುಂದೆಲ್ಲ ಹೀಗೇ.

ಎಸ್‌ಎಲ್‌ಆರ್‌ಎನ್‌ನಲ್ಲಿ ‘ಎನ್’ ಒತ್ತಿದರೆ ಮುಂದಿನ ಓದದ ಮೆಸೇಜ್. ಗ್ನೂಸ್‌ನಲ್ಲೂ ಹಾಗೇ, ಟಿಆರ್‌ಎನ್‌ನಲ್ಲೂ ಹಾಗೇ. ಟಿನ್‌ನಲ್ಲಿ ಮಾತ್ರ ಮೆಸೇಜ್ ಓದುತ್ತಿರುವಾಗ ‘ಎನ್’ ಒತ್ತಿದರೆ ಬರುವುದು ಮುಂದಿನ ಮೆಸೇಜ್, ಓದಿದ್ದಾದರೂ ಸರಿ ಓದದ್ದಾದರೂ ಸರಿ. ಓದದ್ದೇ ಬೇಕಾದರೆ ದೊಡ್ಡ ಎನ್ ಒತ್ತಬೇಕು. ಅದೇ ಟಿನ್‌ನಲ್ಲಿ ಚರ್ಚೆಗಳ ಪಟ್ಟಿಯ ಮುಂದೆ ನಿಂತು ಚಿಕ್ಕ ‘ಎನ್’ ಒತ್ತಿದರೆ ಇಡೀ ಗುಂಪನ್ನೇ ಬಿಟ್ಟು ಮುಂದಿನ ಗುಂಪಿಗೆ ಹೋಗಿಬಿಡುತ್ತದೆ.

ದೊಡ್ಡ ಎನ್ ಕಥೆ ಇದಕ್ಕೆ ಉಲ್ಟಾ. ಗ್ನೂಸ್ ಮತ್ತು ಟಿಆರ್‌ಎನ್‌ನಲ್ಲಿ ಅದು ಓದಿದ್ದೋ ಇಲ್ಲವೋ ನೋಡದೆ ಮುಂದಿನ ಮೆಸೇಜ್ ಕೊಡುತ್ತದೆ. ಟಿನ್‌ನಲ್ಲಿ ಓದದ್ದನ್ನು ಕೊಡುತ್ತದೆ. ಎಸ್‌ಎಲ್‌ಆರ್‌ಎನ್‌ನಲ್ಲಿ ಗುಂಪನ್ನೇ ದಾಟಿಸುತ್ತದೆ. ಟಿನ್‌ನಿಂದ ಎಸ್‌ಎಲ್‌ಆರ್‌ಎನ್‌ಗೆ ಬಂದವರ ಕೈ ಮೊದಲ ವಾರ ಒದ್ದಾಡುವುದು ಇಲ್ಲೇ. ಓದದ ಮೆಸೇಜ್ ಸಿಗಲಿ ಅಂತ ಶಿಫ್ಟ್ ಒತ್ತುತ್ತಾರೆ, ಗುಂಪೇ ಮಾಯವಾಗುತ್ತದೆ.

ಇಲ್ಲಿ ನನ್ನ ತೀರ್ಪು ಸ್ಪಷ್ಟ. ದಿನಕ್ಕೆ ನೂರಾರು ಸಲ ಮಾಡುವ ಕೆಲಸಕ್ಕೆ ಶಿಫ್ಟ್ ಕೇಳಬಾರದು. ಓದಿದ ಮೆಸೇಜಿಗೆ ವಾಪಸ್ ಹೋಗುವುದು ಅಪರೂಪ, ಶಿಫ್ಟ್ ಅದಕ್ಕಿರಲಿ. ಈ ವಿಚಾರದಲ್ಲಿ 1984ರಲ್ಲಿ ಲ್ಯಾರಿ ವಾಲ್ ಬರೆದ ಆರ್‌ಎನ್ ಸರಿಯಾದ ದಾರಿ ಹಾಕಿಕೊಟ್ಟಿತು. ಪರ್ಲ್ ಭಾಷೆ ಕಟ್ಟುವುದಕ್ಕೂ ಮೊದಲಿನ ಅವರ ಕೆಲಸ ಅದು. ಟಿಆರ್‌ಎನ್ ಎಂದರೆ ಅದಕ್ಕೇ ವೇನ್ ಡೇವಿಸನ್ ಚರ್ಚೆಗಳ ಜೋಡಣೆಯನ್ನು, ಅಂದರೆ ಥ್ರೆಡ್‌ಗಳನ್ನು, ಸೇರಿಸಿದ್ದು. ಟಿನ್ ಬೇರೆ ಬಳ್ಳಿಯದು. ರಿಚ್ ಸ್ಕ್ರೆಂಟಾ ಬರೆದ ಟ್ಯಾಸ್ ಎಂಬ ರೀಡರ್ ಹಿಡಿದು ಇಯಾನ್ ಲೀ 1991ರಲ್ಲಿ ಹೊರತಂದದ್ದು. ಅದರ ಕೀಗಳು ಬೇರೆಯಾಗಿರುವುದಕ್ಕೆ ಈ ವಂಶಾವಳಿಯೇ ಕಾರಣ ಅಂತ ನನಗೆ ಅನಿಸುತ್ತದೆ.

ಟಿನ್ ಪರವಾಗಿಯೂ ಒಂದು ಮಾತು ಹೇಳಬೇಕು. ಅಲ್ಲಿ ಟ್ಯಾಬ್ ಕೀ ಇದೆ. ಪಟ್ಟಿಯಲ್ಲಿರಲಿ, ಮೆಸೇಜ್ ಒಳಗಿರಲಿ, ಗುಂಪುಗಳ ಸಾಲಿನಲ್ಲಿರಲಿ, ಟ್ಯಾಬ್ ಒತ್ತಿದರೆ ಮುಂದೆ ಎಲ್ಲಿ ಓದದ್ದಿದೆಯೋ ಅಲ್ಲಿಗೆ ಕರೆದೊಯ್ಯುತ್ತದೆ. ಎಲ್ಲ ಮಟ್ಟದಲ್ಲೂ ಒಂದೇ ಅರ್ಥ. ಟಿನ್ ಬಳಸುವವರು ‘ಎನ್’ ಅನ್ನು ಮರೆತುಬಿಟ್ಟು ಟ್ಯಾಬ್ ಒಂದನ್ನೇ ನಂಬಿದರೆ ಸಾಕು. ಎಸ್‌ಎಲ್‌ಆರ್‌ಎನ್‌ನಲ್ಲಿ ಟ್ಯಾಬ್ ಮಾಡುವ ಕೆಲಸವೇ ಬೇರೆ: ಹಳೆಯ ಮೆಸೇಜಿನಿಂದ ಎತ್ತಿ ಹಾಕಿದ ಸಾಲುಗಳನ್ನು ಹಾರಿಸಿ ಹೊಸ ಮಾತು ಶುರುವಾಗುವ ಕಡೆ ನಿಲ್ಲಿಸುತ್ತದೆ. ಮೇಲೆ ಅರವತ್ತು ಸಾಲು ಹಳೆಯದನ್ನು ಹಾಗೇ ಬಿಟ್ಟು ಕೆಳಗೆ ಒಂದೇ ಸಾಲು ಉತ್ತರ ಬರೆಯುವವರು ಎಲ್ಲ ಗುಂಪಿನಲ್ಲೂ ಇದ್ದಾರೆ. ಅವರ ಮೆಸೇಜ್ ಓದುವಾಗ ಈ ಟ್ಯಾಬ್‌ನ ಬೆಲೆ ಗೊತ್ತಾಗುತ್ತದೆ.

ಸ್ಪೇಸ್ ಒತ್ತುತ್ತಾ ಹೋದರೆ

ಒಂದೇ ಕೀ ಒತ್ತುತ್ತಾ ಇಡೀ ಗುಂಪು ಓದಿ ಮುಗಿಸಬಹುದಾ? ಬಹುದು. ಇದು ಆರ್‌ಎನ್ ಕಾಲದ ಆಸೆ. ಟಿಆರ್‌ಎನ್‌ನಲ್ಲಿ ಮೆಸೇಜ್ ಮುಗಿದಾಗ ಕೆಳಗೆ ‘ಮುಂದೇನು?’ ಎಂಬ ಪ್ರಶ್ನೆ ಬರುತ್ತದೆ. ಪಕ್ಕದ ಆವರಣದಲ್ಲಿ ‘ಎನ್’, ‘ಪಿ’, ‘ಕ್ಯೂ’ ಎಂಬ ಮೂರು ಅಕ್ಷರ. ಸ್ಪೇಸ್ ಒತ್ತಿದರೆ ಮೊದಲ ಅಕ್ಷರದ ಕೆಲಸ ಆಗುತ್ತದೆ. ನೀವು ಒಂದೇ ವಿಷಯದ ಮೆಸೇಜ್‌ಗಳನ್ನು ಹಿಂಬಾಲಿಸುತ್ತಿದ್ದರೆ ಆ ಮೊದಲ ಅಕ್ಷರ ತಾನೇ ಬದಲಾಗಿ ಕಂಟ್ರೋಲ್-ಎನ್ ಆಗುತ್ತದೆ, ಅಂದರೆ ಇದೇ ವಿಷಯದ ಮುಂದಿನದು. ಸ್ಪೇಸ್ ಒತ್ತುವ ಮುಂಚೆ ಅದು ಏನು ಮಾಡಲಿದೆ ಅಂತ ಪರದೆಯ ಮೇಲೇ ಬರೆದಿರುತ್ತದೆ. ಇಷ್ಟು ಪ್ರಾಮಾಣಿಕವಾದ ಸ್ಪೇಸ್ ಕೀ ಬೇರೆ ಯಾವ ರೀಡರ್‌ನಲ್ಲೂ ನಾನು ಕಂಡಿಲ್ಲ.

ಎಸ್‌ಎಲ್‌ಆರ್‌ಎನ್ ಮತ್ತು ಗ್ನೂಸ್‌ನಲ್ಲಿ ಸ್ಪೇಸ್ ಒಂದು ಪುಟ ಕೆಳಗೆ ಸರಿಸುತ್ತದೆ, ಮೆಸೇಜ್ ಮುಗಿದರೆ ಮುಂದಿನದನ್ನು ತೆರೆಯುತ್ತದೆ. ಎಸ್‌ಎಲ್‌ಆರ್‌ಎನ್ ಮುಂದಿನ ಮೆಸೇಜಿಗೆ ಅಥವಾ ಗುಂಪಿಗೆ ಹೋಗುವ ಮುಂಚೆ ಕೇಳಬೇಕಾ ಬೇಡವಾ ಅಂತ ಸೆಟ್ಟಿಂಗ್ ಫೈಲಿನಲ್ಲಿ ಹೇಳಬಹುದು. ಮೆಸೇಜ್ ಬದಲಾಗುವಾಗ ಕೇಳಬೇಡ, ಗುಂಪು ಬದಲಾಗುವಾಗ ಕೇಳು ಅಂತ ನಾನು ಇಟ್ಟುಕೊಂಡಿದ್ದೇನೆ. ಸಿ ಭಾಷೆಯ ಗುಂಪಿನ ಗಂಭೀರ ಜಗಳ ಓದುತ್ತಾ ಗೊತ್ತಿಲ್ಲದೆ ಅಡುಗೆಯ ಗುಂಪಿಗೆ ಜಾರಿದರೆ ಓದಿನ ಲಯ ತಪ್ಪುತ್ತದೆ.

ಟಿನ್‌ನಲ್ಲಿ ಸ್ಪೇಸ್ ಹೇಗೆ ನಡೆದುಕೊಳ್ಳಬೇಕು ಎಂಬುದೂ ಸೆಟ್ಟಿಂಗ್‌ಗೆ ಬಿಟ್ಟದ್ದು. ಅದನ್ನು ಸರಿ ಮಾಡಿಕೊಂಡರೆ ಅಲ್ಲೂ ಒಂದೇ ಬೆರಳಿನಲ್ಲಿ ಓದಬಹುದು.

ಎಸ್‌ಎಲ್‌ಆರ್‌ಎನ್ ಕೈಗೆ ಹತ್ತುವುದು ಯಾಕೆ

ಜಾನ್ ಇ. ಡೇವಿಸ್ ಬರೆದ ಎಸ್‌ಎಲ್‌ಆರ್‌ಎನ್‌ನ ಪರದೆ ಎರಡು ಭಾಗ. ಮೇಲೆ ಪಟ್ಟಿ, ಕೆಳಗೆ ಮೆಸೇಜ್. ಬಾಣದ ಕೀಗಳು ಪಟ್ಟಿಯನ್ನು ಆಡಿಸುತ್ತವೆ, ಸ್ಪೇಸ್ ಮತ್ತು ‘ಬಿ’ ಮೆಸೇಜನ್ನು ಆಡಿಸುತ್ತವೆ. ಕೆಳಗಿನದನ್ನು ಓದುತ್ತಿರುವಾಗಲೇ ಮೇಲಿನ ಪಟ್ಟಿಯಲ್ಲಿ ಮುಂದೇನಿದೆ ಅಂತ ಸವರಿ ನೋಡಬಹುದು. ಮಧ್ಯೆ ಕಿಟಕಿ ಬದಲಿಸುವ ಕೆಲಸವೇ ಇಲ್ಲ. ‘ಎಚ್’ ಒತ್ತಿದರೆ ಮೆಸೇಜ್ ಭಾಗ ಮುಚ್ಚಿ ಪಟ್ಟಿ ಇಡೀ ಪರದೆ ತುಂಬುತ್ತದೆ. ‘ಝಡ್’ ಒತ್ತಿದರೆ ಮೆಸೇಜ್ ದೊಡ್ಡದಾಗುತ್ತದೆ. ಟಿನ್‌ನಲ್ಲಿ ಹೀಗಿಲ್ಲ. ಅಲ್ಲಿ ಗುಂಪು, ಚರ್ಚೆ, ಚರ್ಚೆಯೊಳಗಿನ ಮೆಸೇಜ್‌ಗಳು, ಮೆಸೇಜ್ ಅಂತ ನಾಲ್ಕು ಮಟ್ಟ, ಒಂದೊಂದೂ ಪೂರ್ತಿ ಪರದೆ. ಎಡ ಬಾಣ ಒತ್ತಿದರೆ ಹೊರಗೆ, ಬಲ ಬಾಣ ಒತ್ತಿದರೆ ಒಳಗೆ. ಕಲಿಯುವುದು ತುಂಬಾ ಸುಲಭ. ಕೆಳಗೆ ಮೂರು ಸಾಲಿನಲ್ಲಿ ಕೀಗಳ ಸಹಾಯವೂ ಇರುತ್ತದೆ, ಬೇಡವಾದಾಗ ‘ದೊಡ್ಡ ಎಚ್’ ಒತ್ತಿ ತೆಗೆಯಬಹುದು. ಹೊಸಬರಿಗೆ ನಾನು ಮೊದಲು ಕೊಡುವುದು ಟಿನ್ ಅನ್ನೇ.

ಆದರೆ ದಿನವೂ ಓದುವಾಗ ಆ ಒಳಗೆ ಹೊರಗೆ ಓಡಾಟ ಆಯಾಸ ತರುತ್ತದೆ. ಅದರಲ್ಲೂ ಫೋನಿನ ಹಾಟ್‌ಸ್ಪಾಟ್ ಹಿಡಿದು ಎಸ್‌ಎಸ್‌ಎಚ್ ಮೂಲಕ ಮನೆಯ ಮಷೀನಿಗೆ ಹೋಗಿ ಓದುವಾಗ. ಬೆಂಗಳೂರು ಮೈಸೂರು ರೈಲಿನಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಆಗ ಪ್ರತಿ ಸಲ ಪೂರ್ತಿ ಪರದೆ ಮತ್ತೆ ಬರೆಯುವ ರೀಡರ್‌ಗಿಂತ ಒಂದು ಸಾಲಿನ ಗುರುತು ಮಾತ್ರ ಬದಲಿಸುವ ರೀಡರ್ ವಾಸಿ.

ಹಿಂದಕ್ಕೆ ಹೋಗುವ ಕೀಗಳಲ್ಲೂ ಎಸ್‌ಎಲ್‌ಆರ್‌ಎನ್ ಚೆನ್ನಾಗಿದೆ. ‘ದೊಡ್ಡ ಎಲ್’ ಒತ್ತಿದರೆ ಇದಕ್ಕೆ ಮುಂಚೆ ಓದಿದ ಮೆಸೇಜಿಗೆ ವಾಪಸ್. ಗ್ನೂಸ್‌ನಲ್ಲಿ ಚಿಕ್ಕ ‘ಎಲ್’, ಟಿನ್‌ನಲ್ಲಿ ಮೈನಸ್ ಗುರುತು, ಟಿಆರ್‌ಎನ್‌ನಲ್ಲೂ ಮೈನಸ್. ಇದು ಪಟ್ಟಿಯಲ್ಲಿ ಹಿಂದಿನ ಸಾಲು ಅಲ್ಲ, ನಿಮ್ಮ ಕಣ್ಣು ಹಿಂದೆ ಓದಿದ್ದು. ಎರಡು ಚರ್ಚೆಗಳ ನಡುವೆ ಹೋಗಿ ಬಂದು ಮಾಡುವಾಗ ಇದಿಲ್ಲದೆ ಕೈ ಕಟ್ಟಿದಂತಾಗುತ್ತದೆ. ಇನ್ನು ಸಮ ಚಿಹ್ನೆ ಒತ್ತಿದರೆ ಅದೇ ವಿಷಯದ ಮುಂದಿನ ಮೆಸೇಜ್. ಆಶ್ಚರ್ಯಸೂಚಕ ಒತ್ತಿದರೆ ಹೆಚ್ಚು ಅಂಕ ಪಡೆದ ಮುಂದಿನ ಮೆಸೇಜ್. ಅಂಕ ಕೊಡುವವರು ನೀವೇ: ‘ದೊಡ್ಡ ಕೆ’ ಒತ್ತಿ ಈ ಬರಹಗಾರರಿಗೆ ಇಷ್ಟು, ಈ ವಿಷಯಕ್ಕೆ ಇಷ್ಟು ಅಂತ ಬರೆದಿಡಬಹುದು. -9999 ಕೊಟ್ಟರೆ ಆ ಮೆಸೇಜ್ ಪಟ್ಟಿಯಲ್ಲೇ ಬರುವುದಿಲ್ಲ. ಸಮಯ ಕಡಿಮೆ ಇರುವ ದಿನ ನಾನು ‘ಎನ್’ ಮುಟ್ಟುವುದೇ ಇಲ್ಲ. ಆಶ್ಚರ್ಯಸೂಚಕ ಒತ್ತುತ್ತಾ ಹೋಗುತ್ತೇನೆ, ಬೇಕಾದ ನಾಲ್ಕಾರು ಓದಿ, ‘ಸಿ’ ಒತ್ತಿ ಉಳಿದದ್ದೆಲ್ಲ ಓದಿದೆ ಅಂತ ಗುರುತು ಹಾಕಿ ಎದ್ದುಬಿಡುತ್ತೇನೆ.

ಬೇಡದ ಕೊಂಬೆ ಕತ್ತರಿಸುವುದು

ಇನ್ನು ಎರಡನೇ ಮುಖ್ಯ ಕೆಲಸ, ಬಿಟ್ಟು ಹೋಗುವುದು. ಇದರಲ್ಲಿ ರೀಡರ್‌ಗಳ ನಡುವೆ ಇರುವ ವ್ಯತ್ಯಾಸ ನನಗೆ ಬಹಳ ಮುಖ್ಯ ಅನಿಸಿತು.

ಯೂಸ್‌ನೆಟ್ ಚರ್ಚೆ ಒಂದೇ ಗೆರೆಯಲ್ಲಿ ಬೆಳೆಯುವುದಿಲ್ಲ. ಮೂಲ ಪ್ರಶ್ನೆಗೆ ಮೂವರು ಉತ್ತರ ಕೊಡುತ್ತಾರೆ. ಒಬ್ಬರ ಉತ್ತರದ ಕೆಳಗೆ ವ್ಯಾಕರಣದ ಜಗಳ ಶುರುವಾಗಿ ನಲವತ್ತು ಮೆಸೇಜ್ ಆಗುತ್ತದೆ. ಉಳಿದ ಇಬ್ಬರ ಕೆಳಗೆ ಒಳ್ಳೆಯ ಮಾತು ನಡೆಯುತ್ತಿರುತ್ತದೆ. ನಮಗೆ ಬೇಕಾದದ್ದು ಆ ಜಗಳದ ಕೊಂಬೆಯೊಂದನ್ನೇ ತೆಗೆಯುವುದು.

ಎಸ್‌ಎಲ್‌ಆರ್‌ಎನ್‌ನಲ್ಲಿ ಜಗಳದ ಮೊದಲ ಮೆಸೇಜಿನ ಮೇಲೆ ನಿಂತು ಎಸ್ಕೇಪ್, ಆಮೇಲೆ ‘ಡಿ’. ಆ ಮೆಸೇಜ್ ಮತ್ತು ಅದರ ಕೆಳಗಿನದೆಲ್ಲ ಓದಿದ್ದಾಗುತ್ತದೆ, ಪಕ್ಕದ ಕೊಂಬೆಗಳು ಹಾಗೇ ಉಳಿಯುತ್ತವೆ. ಗ್ನೂಸ್‌ನಲ್ಲಿ ‘ದೊಡ್ಡ ಟಿ’, ಆಮೇಲೆ ‘ಕೆ’, ಇದೇ ಕೆಲಸ. ಟಿಆರ್‌ಎನ್‌ನಲ್ಲಿ ಬರೀ ಅಲ್ಪವಿರಾಮದ ಕೀ. ಒಂದೇ ಒತ್ತು, ಮುಗಿಯಿತು. ಟಿಆರ್‌ಎನ್‌ನಲ್ಲೇ ‘ದೊಡ್ಡ ಜೆ’ ಒತ್ತಿದರೆ ಇಡೀ ಚರ್ಚೆ ಹೋಗುತ್ತದೆ. ಕೊಂಬೆಗೂ ಮರಕ್ಕೂ ಬೇರೆ ಬೇರೆ ಕೀ, ಎರಡೂ ಕೈಗೆಟುಕುವ ಜಾಗದಲ್ಲಿ.

ಟಿನ್‌ನಲ್ಲಿ ‘ದೊಡ್ಡ ಕೆ’ ಇದೆ. ಚರ್ಚೆಯಲ್ಲಿ ಉಳಿದದ್ದೆಲ್ಲ ಓದಿದ್ದು ಅಂತ ಗುರುತು ಹಾಕಿ ಮುಂದಿನ ಓದದ ಮೆಸೇಜಿಗೆ ಹಾರುತ್ತದೆ. ಬೇಗ ಆಗುತ್ತದೆ, ನಿಜ. ಆದರೆ ಜಗಳದ ಜೊತೆ ಒಳ್ಳೆಯ ಎರಡು ಕೊಂಬೆಯೂ ಹೋಯಿತು. ಚಿಕ್ಕ ಗುಂಪುಗಳಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ಜಿಮೇನ್ ಮೂಲಕ ಲಿನಕ್ಸ್ ಕರ್ನಲ್ ಲಿಸ್ಟ್‌ನಂಥದ್ದನ್ನು ಓದುವವರಿಗೆ ಇದು ದೊಡ್ಡ ಕೊರತೆ. ಅಲ್ಲಿ ಪ್ಯಾಚ್‌ಗಳ, ಅಂದರೆ ಕೋಡ್ ತಿದ್ದುಪಡಿಗಳ, ಸರಣಿಯೊಂದು ಬಂದರೆ ಪ್ರತಿ ಪ್ಯಾಚಿನ ಕೆಳಗೂ ಬೇರೆ ಬೇರೆ ಮಾತುಕತೆ ಇರುತ್ತದೆ. ಮೂರನೇ ಪ್ಯಾಚಿನ ಚರ್ಚೆ ಬೇಡ ಅಂದ ಮಾತ್ರಕ್ಕೆ ಏಳನೆಯದನ್ನೂ ಕಳೆದುಕೊಳ್ಳಬೇಕಾ?

ಕೊಂಬೆಯಿಂದ ಕೊಂಬೆಗೆ ನಡೆದಾಡುವುದರಲ್ಲಿ ಟಿಆರ್‌ಎನ್ ಎಲ್ಲರಿಗಿಂತ ಮುಂದೆ. ಮೆಸೇಜಿನ ಬಲ ಮೂಲೆಯಲ್ಲಿ ಚರ್ಚೆಯ ಪುಟ್ಟ ಮರವನ್ನು ಬರೆದು ತೋರಿಸುತ್ತದೆ. ಓದದ ಮೆಸೇಜ್ ಚೌಕ ಆವರಣದಲ್ಲಿ, ಓದಿದ್ದು ದುಂಡು ಆವರಣದಲ್ಲಿ, ನೀವು ನಿಂತಿರುವುದು ಎದ್ದು ಕಾಣುತ್ತದೆ. ಆ ಮರದಲ್ಲಿ ಓಡಾಡುವ ಕೀಗಳೂ ಆವರಣಗಳೇ. ಚೌಕ ಆವರಣದ ಜೋಡಿ ಒಂದು ಹೆಜ್ಜೆ ಬುಡದ ಕಡೆಗೆ, ಒಂದು ಹೆಜ್ಜೆ ತುದಿಯ ಕಡೆಗೆ ಒಯ್ಯುತ್ತದೆ. ದುಂಡು ಆವರಣದ ಜೋಡಿ ಪಕ್ಕದ ಉತ್ತರಗಳಿಗೆ. ಹೂ ಆವರಣದ ಜೋಡಿ ನೇರ ಬೇರಿಗೆ ಅಥವಾ ನೇರ ಎಲೆಗೆ. ಕೋನದ ಜೋಡಿ ಹಿಂದಿನ ಚರ್ಚೆಗೆ, ಮುಂದಿನ ಚರ್ಚೆಗೆ. ನಾಲ್ಕು ಜೋಡಿ, ಎಲ್ಲಕ್ಕೂ ಎಡ ಬಲದ ಅರ್ಥ ಒಂದೇ ತೆರ. ಒಂದು ಸಲ ನೋಡಿದರೆ ಮರೆಯುವುದೇ ಇಲ್ಲ. ಇದನ್ನು ಯೋಚಿಸಿದವರ ಮೇಲೆ ನನಗೆ ನಿಜವಾದ ಗೌರವ ಇದೆ. ಎಸ್‌ಎಲ್‌ಆರ್‌ಎನ್‌ನಲ್ಲಿ ಇದು ಯಾವುದಕ್ಕೆ ಉತ್ತರವೋ ಆ ಮೆಸೇಜಿಗೆ ಹೋಗಲು ಎಸ್ಕೇಪ್ ಒತ್ತಿ ‘ಪಿ’, ಗ್ನೂಸ್‌ನಲ್ಲಿ ಟೋಪಿ ಚಿಹ್ನೆ, ಟಿನ್‌ನಲ್ಲಿ ‘ಯು’. ಕೆಲಸ ಆಗುತ್ತದೆ, ಆದರೆ ಮರ ಕಣ್ಣ ಮುಂದೆ ಇಟ್ಟುಕೊಂಡು ನಡೆದ ಅನುಭವ ಬರುವುದಿಲ್ಲ.

ಎನ್‌ಎನ್: ಮೊದಲು ಆರಿಸು, ಆಮೇಲೆ ಓದು

ಡೆನ್ಮಾರ್ಕ್‌ನ ಕಿಮ್ ಸ್ಟಾರ್ಮ್ ಬರೆದ ಎನ್‌ಎನ್ ಬೇರೆಯೇ ಯೋಚನೆ. ಸುದ್ದಿ ಇಲ್ಲದಿದ್ದರೇ ಒಳ್ಳೆಯ ಸುದ್ದಿ ಎಂಬುದು ಅದರ ಹೆಸರಿನ ಹಿಂದಿನ ಮಾತು. ಅದಕ್ಕೆ ತಕ್ಕ ಹಾಗೆ ಎಲ್ಲವನ್ನೂ ಓದಬೇಕು ಅಂತ ಅದು ಒತ್ತಾಯಿಸುವುದಿಲ್ಲ. ಪಟ್ಟಿಯ ಪ್ರತಿ ಸಾಲಿನ ಮುಂದೆ ‘ಎ’, ‘ಬಿ’, ‘ಸಿ’ ಅಂತ ಒಂದೊಂದು ಅಕ್ಷರ. ಬೇಕಾದ ಸಾಲಿನ ಅಕ್ಷರ ಒತ್ತಿದರೆ ಅದು ಆಯ್ಕೆ. ಕರ್ಸರ್ ಮೇಲೆ ಕೆಳಗೆ ಮಾಡುವ ಕೆಲಸವೇ ಇಲ್ಲ. ಸಂತೆಯಲ್ಲಿ ಬುಟ್ಟಿ ಹಿಡಿದು ನಿಂತು ಎಳೆ ಬದನೆಕಾಯಿ ಮಾತ್ರ ಆರಿಸಿ ಹಾಕಿಕೊಂಡ ಹಾಗೆ. ಸ್ಪೇಸ್ ಒತ್ತಿದರೆ ಪಟ್ಟಿಯ ಮುಂದಿನ ಪುಟ. ಪುಟಗಳು ಮುಗಿದ ಮೇಲೆ ಆರಿಸಿದ್ದನ್ನು ಒಂದೊಂದಾಗಿ ತೋರಿಸುತ್ತದೆ. ಕಣ್ಣಿಗೆ ಬಿದ್ದರೂ ನೀವು ಆರಿಸದ್ದು ಮುಂದಿನ ಸಲ ಬರುವುದಿಲ್ಲ.

ಇನ್ನೂ ಚುರುಕಾಗಬೇಕಾ? ನಕ್ಷತ್ರ ಚಿಹ್ನೆ ಒತ್ತಿದರೆ ಅದೇ ವಿಷಯದ ಮೆಸೇಜ್‌ಗಳೆಲ್ಲ ಆಯ್ಕೆ. ‘ಬಿ’, ಮೈನಸ್, ‘ಜಿ’ ಒತ್ತಿದರೆ ಆ ಎರಡರ ನಡುವಿನದೆಲ್ಲ. ‘ದೊಡ್ಡ ಝಡ್’ ಒತ್ತಿದರೆ ಆರಿಸಿದ್ದನ್ನು ಈಗಲೇ ಓದಿ ಇದೇ ಪಟ್ಟಿಗೆ ವಾಪಸ್. ‘ದೊಡ್ಡ ಎಕ್ಸ್’ ಒತ್ತಿದರೆ ನೋಡದ ಪುಟಗಳೂ ಸೇರಿ ಉಳಿದದ್ದೆಲ್ಲ ಓದಿದ್ದಾಗಿ, ಆರಿಸಿದ್ದನ್ನು ಓದಿ, ಮುಂದಿನ ಗುಂಪಿಗೆ. ರಜೆ ಮುಗಿಸಿ ಬಂದಾಗ ಸಾವಿರಾರು ಮೆಸೇಜ್ ಕೂಡಿಕೊಂಡಿರುವ ಗುಂಪಿಗೆ ಇದಕ್ಕಿಂತ ವೇಗದ ದಾರಿ ಇಲ್ಲ. ಎಸ್‌ಎಲ್‌ಆರ್‌ಎನ್ ಕೂಡ ಇದರ ಮುಂದೆ ನಿಧಾನವೇ.

ಆದರೆ ನಡೆಯುತ್ತಿರುವ ಚರ್ಚೆಯನ್ನು ದಿನ ದಿನ ಹಿಂಬಾಲಿಸುವವರಿಗೆ ಎನ್‌ಎನ್ ಹೊಂದುವುದಿಲ್ಲ. ವಿಷಯದ ಸಾಲು ನೋಡಿ ಬೇಡ ಅಂತ ಬಿಟ್ಟದ್ದರ ಒಳಗೆ ಒಳ್ಳೆಯ ಉತ್ತರ ಇರಬಹುದು. ಶೀರ್ಷಿಕೆ ಒಂದಾಗಿದ್ದರೂ ಮಾತು ಎಲ್ಲೆಲ್ಲೋ ಹೋಗುವುದು ಯೂಸ್‌ನೆಟ್‌ನ ಸ್ವಭಾವ. ಹಳೆಯ ಪ್ರೋಗ್ರಾಂ ಆದ್ದರಿಂದ ಇಂದಿನ ಮಷೀನಿನಲ್ಲಿ ಕೂರಿಸುವುದಕ್ಕೂ ಸ್ವಲ್ಪ ತಾಳ್ಮೆ ಬೇಕು.

ಗ್ನೂಸ್‌ನ ಸಾಮರ್ಥ್ಯ, ಗ್ನೂಸ್‌ನ ಭಾರ

ಗ್ನೂಸ್ ಇರುವುದು ಈಮ್ಯಾಕ್ಸ್ ಎಂಬ ಎಡಿಟರ್ ಒಳಗೆ. ಜಪಾನಿನ ಮಸನೊಬು ಉಮೆದಾ ಶುರು ಮಾಡಿದ್ದನ್ನು ನಾರ್ವೆಯ ಲಾರ್ಸ್ ಇಂಗೆಬ್ರಿಗ್ಟ್‌ಸೆನ್ ಹೊಸದಾಗಿ ಬರೆದರು. ಜಿಮೇನ್ ಕಟ್ಟಿದವರೂ ಅವರೇ.

ಓಡಾಡುವ ಕೀಗಳು ಒಂದು ರಾಶಿ ಇವೆ. ಚುಕ್ಕೆ ಒತ್ತಿದರೆ ಮೊದಲ ಓದದ ಮೆಸೇಜ್. ಅಲ್ಪವಿರಾಮ ಒತ್ತಿದರೆ ಅಂಕ ಎಲ್ಲಕ್ಕಿಂತ ಹೆಚ್ಚಿರುವ ಓದದ ಮೆಸೇಜ್. ‘ದೊಡ್ಡ ಟಿ’ಯ ನಂತರ ಇನ್ನೊಂದು ಅಕ್ಷರ ಸೇರಿಸಿದರೆ ಚರ್ಚೆಗಳ ಕೆಲಸ: ‘ಎನ್’ ಮುಂದಿನ ಚರ್ಚೆ, ‘ಪಿ’ ಹಿಂದಿನದು, ‘ಯು’ ಮೇಲೆ, ‘ಡಿ’ ಕೆಳಗೆ, ‘ಎಚ್’ ಮಡಚು, ‘ಎಸ್’ ಬಿಡಿಸು. ಎರಡು ಒತ್ತು ಬೇಕು ನಿಜ, ಆದರೆ ನೆನಪಿಡುವುದು ಸುಲಭ.

ನನ್ನ ಮನಸ್ಸು ಗೆದ್ದದ್ದು ಓರೆ ಗೆರೆಯ ಕೀಗಳು. ಓರೆ ಗೆರೆ ಒತ್ತಿ ‘ಎ’ ಒತ್ತಿದರೆ ಯಾರದು ಅಂತ ಕೇಳುತ್ತದೆ. ಹೆಸರು ಕೊಟ್ಟರೆ ಪಟ್ಟಿ ಅವರ ಮೆಸೇಜ್‌ಗಳಿಗಷ್ಟೇ ಇಳಿಯುತ್ತದೆ. ಅದರ ಮೇಲೆ ಮತ್ತೆ ಓರೆ ಗೆರೆ, ‘ಎಸ್’, ಒಂದು ವಿಷಯ. ಇನ್ನೂ ಇಳಿಯುತ್ತದೆ. ‘ಯು’ ಕೊಟ್ಟರೆ ಓದದ್ದು ಮಾತ್ರ. ಓರೆ ಗೆರೆ, ‘ಡಬ್ಲ್ಯೂ’ ಒತ್ತಿದರೆ ಒಂದು ಹಂತ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಬೇರೆ ರೀಡರ್‌ಗಳಲ್ಲಿ ಹುಡುಕುವುದು ಎಂದರೆ ಪಟ್ಟಿಯೊಳಗೆ ಒಂದರಿಂದ ಇನ್ನೊಂದಕ್ಕೆ ಹಾರುವುದು. ಎಸ್‌ಎಲ್‌ಆರ್‌ಎನ್‌ನಲ್ಲಿ ‘ಎ’ ಮುಂದಕ್ಕೆ ಬರಹಗಾರರನ್ನು ಹುಡುಕುತ್ತದೆ, ‘ದೊಡ್ಡ ಎ’ ಹಿಂದಕ್ಕೆ. ಟಿನ್‌ನಲ್ಲೂ ಹಾಗೇ. ಗ್ನೂಸ್‌ನಲ್ಲಿ ಪಟ್ಟಿಯೇ ಚಿಕ್ಕದಾಗುತ್ತದೆ. ಯಾವುದೋ ಹಳೆಯ ವಿಷಯ ಕೆದಕಿ ತೆಗೆಯಬೇಕಾದ ದಿನ ನಾನು ತೆರೆಯುವುದು ಗ್ನೂಸ್ ಅನ್ನೇ.

ಭಾರ ಎಲ್ಲಿ ಅಂದರೆ, ಗುಂಪಿನ ಒಳಗೆ ಹೋಗುವಾಗ. ಓದದ ಮೆಸೇಜ್ 200ಕ್ಕಿಂತ ಹೆಚ್ಚಿದ್ದರೆ ಎಷ್ಟು ತರಲಿ ಅಂತ ಗ್ನೂಸ್ ನಿಂತು ಕೇಳುತ್ತದೆ. ದೊಡ್ಡ ಗುಂಪಿಗೆ ಎಲ್ಲ ತಾ ಅಂದರೆ ಕಾಯಬೇಕು. ಮಾಮೂಲಿ ದಿನದ ಓದಿಗೆ ಇದು ಜಾಸ್ತಿಯಾಯಿತು. ಈಮ್ಯಾಕ್ಸ್ ಬಳಸದವರು ನ್ಯೂಸ್ ಓದುವುದಕ್ಕಾಗಿಯೇ ಅದನ್ನು ಕಲಿಯಬೇಕಾಗಿಲ್ಲ.

ಕನ್ನಡ ಲೇಔಟ್ ಆನ್ ಇದ್ದಾಗ

ಇದು ಇಂಗ್ಲಿಷ್ ಅಲ್ಲದ ಲಿಪಿ ಬಳಸುವ ನಮ್ಮಂಥವರಿಗೆ ಬರುವ ತೊಂದರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ರೀಡರ್‌ಗಳೆಲ್ಲ ಒಂಟಿ ಇಂಗ್ಲಿಷ್ ಅಕ್ಷರಗಳ ಮೇಲೆ ನಿಂತಿವೆ. ಪಕ್ಕದ ಕಿಟಕಿಯಲ್ಲಿ ಕನ್ನಡ ಬರೆಯುತ್ತಾ ಇನ್‌ಸ್ಕ್ರಿಪ್ಟ್ ಲೇಔಟ್ ಹಾಕಿಕೊಂಡಿದ್ದೀರಿ. ಹಾಗೇ ಟರ್ಮಿನಲ್‌ಗೆ ಬಂದು ‘ಎನ್’ ಒತ್ತಿದರೆ ಹೋಗುವುದು ‘ಲ’. ‘ಪಿ’ ಒತ್ತಿದರೆ ‘ಜ’, ‘ಯು’ ಒತ್ತಿದರೆ ‘ಹ’. ರೀಡರ್‌ಗೆ ಏನೂ ಅರ್ಥವಾಗುವುದಿಲ್ಲ. ಬಾಣ, ಸ್ಪೇಸ್, ಟ್ಯಾಬ್, ಎಂಟರ್ ಮಾತ್ರ ಕೆಲಸ ಮಾಡುತ್ತವೆ. ಇಲ್ಲಿ ಟಿನ್ ಮುಂದೆ ಬರುತ್ತದೆ. ಟ್ಯಾಬ್ ಮತ್ತು ಬಾಣಗಳಲ್ಲೇ ಬಹುಪಾಲು ಓದು ಮುಗಿಯುವುದರಿಂದ ಲೇಔಟ್ ಬದಲಿಸುವ ಅಗತ್ಯ ಕಡಿಮೆ. ಎನ್‌ಎನ್‌ಗೆ ಅಕ್ಷರಗಳೇ ಜೀವ, ಅದು ಪೂರ್ತಿ ನಿಂತುಹೋಗುತ್ತದೆ.

ಗ್ನೂಸ್‌ನಲ್ಲಿ ಈ ತೊಂದರೆಗೆ ಚೆಂದದ ಪರಿಹಾರ ಇದೆ. ಈಮ್ಯಾಕ್ಸ್‌ಗೆ ತನ್ನದೇ ಕನ್ನಡ ಇನ್‌ಸ್ಕ್ರಿಪ್ಟ್ ಮತ್ತು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕನ್ನಡ ಐಟ್ರಾನ್ಸ್ ಇವೆ. ಅವನ್ನು ಆನ್ ಮಾಡಿದರೆ ಅನ್ವಯವಾಗುವುದು ನೀವು ಬರೆಯುತ್ತಿರುವ ಕಿಟಕಿಗೆ ಮಾತ್ರ. ಉತ್ತರವನ್ನು ಕನ್ನಡದಲ್ಲಿ ಬರೆಯುತ್ತಿದ್ದು, ಮಧ್ಯೆ ಪಟ್ಟಿಗೆ ಹಾರಿ ‘ಎನ್’ ಒತ್ತಿದರೆ ಅದು ‘ಎನ್’ ಆಗಿಯೇ ಇರುತ್ತದೆ. ಕನ್ನಡದಲ್ಲಿ ಪೋಸ್ಟ್ ಮಾಡುವವರಿಗೆ ಇದೊಂದೇ ಕಾರಣ ಸಾಕು. ಗ್ರಾಫಿಕ್ಸ್ ಇರುವ ಈಮ್ಯಾಕ್ಸ್ ಕಿಟಕಿಯಲ್ಲಿ ಒತ್ತಕ್ಷರಗಳೂ ಸರಿಯಾಗಿ ಕಾಣುತ್ತವೆ. ಟರ್ಮಿನಲ್‌ಗಳಲ್ಲಿ ಒತ್ತು ಒಂದು ಕಡೆ, ಗುಣಿತ ಒಂದು ಕಡೆ ಬಿದ್ದು, ಸಾಲಿನ ಅಗಲದ ಲೆಕ್ಕ ತಪ್ಪಿ, ಪಟ್ಟಿಯ ಕಂಬಗಳು ಅಲುಗಾಡುವುದು ಇನ್ನೂ ಮಾಮೂಲು. ಕನ್ನಡ ಶೀರ್ಷಿಕೆ ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿ ಬರುತ್ತದೆ, ಎಸ್‌ಎಲ್‌ಆರ್‌ಎನ್ ಮತ್ತು ಟಿನ್ ಅದನ್ನು ಬಿಡಿಸಿ ತೋರಿಸುತ್ತವೆ. ನಾನು ಹಾಕಿಕೊಂಡ ಎನ್‌ಎನ್‌ನಲ್ಲಿ ಆ ಸಂಕೇತವೇ ಉದ್ದಕ್ಕೆ ಕಂಡಿತು, ವಿಷಯ ಓದಿ ಆರಿಸುವ ಮಾತೇ ಬರಲಿಲ್ಲ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಹೆಸರಿನ ಯೂಸ್‌ನೆಟ್ ಗುಂಪಿನಲ್ಲಿ ಬರೆಯುತ್ತಿದ್ದವರಿಗೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯದೆ ಬೇರೆ ದಾರಿ ಇರಲಿಲ್ಲ. ಆ ಕಾಲದ ರೀಡರ್ ಕನ್ನಡ ಲಿಪಿಯನ್ನು ನಿರೀಕ್ಷಿಸದೇ ಇದ್ದದ್ದು ಸಹಜ.

ಆಲ್ಪೈನ್ ಮುಖ್ಯವಾಗಿ ಮೇಲ್‌ಗೆ, ನ್ಯೂಸ್ ಕೂಡ ಓದುತ್ತದೆ. ‘ಎನ್’ ಮುಂದಿನದು, ‘ಪಿ’ ಹಿಂದಿನದು, ಟ್ಯಾಬ್ ಒತ್ತಿದರೆ ಹೊಸದು, ‘ಜೆ’ ಒತ್ತಿ ಸಂಖ್ಯೆ ಕೊಟ್ಟರೆ ಆ ಮೆಸೇಜ್. ಮೇಲ್‌ಗೆ ಆಗಲೇ ಆಲ್ಪೈನ್ ಬಳಸುತ್ತಿದ್ದು, ಎರಡು ಮೂರು ಗುಂಪು ಮಾತ್ರ ಓದುವವರಾದರೆ ಅದೇ ಸಾಕು. ಅದಕ್ಕಿಂತ ಹೆಚ್ಚಾದರೆ ಬೇಡ.

ಯಾರಿಗೆ ಯಾವುದು

ಇವತ್ತೇ ಶುರು ಮಾಡುವವರು ಟಿನ್ ಹಾಕಿಕೊಳ್ಳಿ, ಟ್ಯಾಬ್ ಕಲಿಯಿರಿ. ದಿನವೂ ಓದುವವರಿಗೆ ಎಸ್‌ಎಲ್‌ಆರ್‌ಎನ್. ನಾನು ಉಳಿಸಿಕೊಂಡಿರುವುದೂ ಅದನ್ನೇ. ಕನ್ನಡದಲ್ಲಿ ಬರೆಯುವವರು, ಹಳೆಯದನ್ನು ಕೆದಕುವವರು ಗ್ನೂಸ್ ಕಲಿತರೆ ಶ್ರಮ ವ್ಯರ್ಥವಾಗುವುದಿಲ್ಲ. ಟಿಆರ್‌ಎನ್‌ನ ಆವರಣದ ಕೀಗಳನ್ನು ಒಮ್ಮೆಯಾದರೂ ಒತ್ತಿ ನೋಡಿ, ಚರ್ಚೆಯ ಮರ ಎಂದರೇನು ಅಂತ ಅದರಷ್ಟು ಚೆನ್ನಾಗಿ ಬೇರಾವುದೂ ಕಲಿಸುವುದಿಲ್ಲ.

ಟಿನ್‌ನಿಂದ ಎಸ್‌ಎಲ್‌ಆರ್‌ಎನ್‌ಗೆ ಬರುವವರು ಮೊದಲ ದಿನವೇ ಒಂದು ಕೆಲಸ ಮಾಡಿ. ಎಸ್‌ಎಲ್‌ಆರ್‌ಎನ್‌ನ ಸೆಟ್ಟಿಂಗ್ ಫೈಲಿನಲ್ಲಿ ಯಾವ ಕೀಗೆ ಯಾವ ಕೆಲಸ ಅಂತ ಒಂದೊಂದು ಸಾಲಿನಲ್ಲಿ ಬರೆಯಬಹುದು. ಅಲ್ಲಿ ‘ದೊಡ್ಡ ಎನ್’ ಕೂಡ ಮುಂದಿನ ಓದದ ಮೆಸೇಜಿಗೇ ಹೋಗಲಿ ಅಂತ ಬರೆದಿಡಿ. ಗುಂಪು ದಾಟಲು ಎಸ್ಕೇಪ್ ಒತ್ತಿ ಬಲ ಬಾಣ ಹೇಗೂ ಇದೆ. ನಿಮ್ಮ ಕೈಗೆ ಹೊಸ ಅಭ್ಯಾಸ ಬಂದ ಮೇಲೆ ಆ ಸಾಲು ಅಳಿಸಿದರಾಯಿತು.